ಆಹೇರಿಗೆ ಮಾತ್ರ ಕತ್ತರಿ ಇಲ್ಲ

ನಮ್ಮ ಸೋದರಮಾವ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮದುವೆಮನೆಗೆ ಬಂದನೆಂದರೆ ಒಂದು ಮಾತು ಖಂಡಿತ: ಅಲ್ಲಿ ಕೂತವರಲ್ಲಿ ಮೊದಲು ಸಾಯುವವರು ಯಾರು ಎಂದು ಅವನು ಆಗಲೇ ಅಂದಾಜು ಮಾಡಿರುತ್ತಿದ್ದ! ಉಳಿದ ವಿಡಿಯೋದವರು ಮದುಮಕ್ಕಳ ಸುತ್ತ ಗಿರಕಿ ಹೊಡೆಯುತ್ತಿದ್ದರೆ ಇವನು ಮೂಲೆಯಲ್ಲಿ ಕೆಮ್ಮುತ್ತ ಕೂತ ಅಜ್ಜನನ್ನು ಹುಡುಕಿಕೊಂಡು ಹೋಗುತ್ತಿದ್ದ. ಮುಖದ ಮೇಲೆ ಲೈಟು ಬಿಟ್ಟು, "ಅಜ್ಜಾರ, ಸ್ವಲ್ಪ ಈ ಕಡಿ ನೋಡ್ರಿ, ಏನರೆ ಮಾತಾಡ್ರಿ" ಎನ್ನುತ್ತಿದ್ದ. ಯಾರಿಗೆ ತಾನೆ ಇದರ ಅರ್ಥ ಆಗುವುದಿಲ್ಲ? ಒಬ್ಬ ಅಜ್ಜಿಯಂತೂ ಊಟದ ಎಲೆ ಬಿಟ್ಟೆದ್ದು, "ನಾ ಇನ್ನಾ ಹೋಗಂಗಿಲ್ಲೋ ಭಾಡ್ಯಾ, ಆ ಬೆಳಕ ಅಕ್ಕಡಿ ಹಿಡಿ!" ಎಂದು ಬೈದಳು. ಮಾವ ಬೈಗುಳವನ್ನೂ ಶೂಟ್ ಮಾಡಿಕೊಂಡ. ಅಜ್ಜಿ ಆಮೇಲೆ ಬಹಳ ವರ್ಷ ಗಟ್ಟಿಮುಟ್ಟಾಗಿದ್ದಳು. ಅವಳ ಪಕ್ಕದಲ್ಲಿ ಸೆರಗು ಬಾಯಿಗೊತ್ತಿ ನಗುತ್ತಿದ್ದ ಸೊಸೆ ವರ್ಷ ತುಂಬುವುದರೊಳಗೆ ಬಾಣಂತಿಯಾಗಿ ತೀರಿಕೊಂಡಳು. ಆ ಮನೆಯವರು ಈಗಲೂ ಅಜ್ಜಿಯ ಬೈಗುಳದ ಭಾಗವನ್ನೇ ಹಾಕಿಕೊಂಡು ನೋಡುತ್ತಾರೆ. ಅಜ್ಜಿಗಾಗಿ ಅಲ್ಲ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಮೆಟ್ಟಿಲ ಕೆಳಗೆ ಅವನ ಅಂಗಡಿ. ನಮ್ಮ ಅಜ್ಜ ಪೌರೋಹಿತ್ಯ ಮಾಡಿದವರು, ಮಗನಿಗೂ ಮಂತ್ರ ಕಲಿಸಿದ್ದರು. ಮಗ ಮದುವೆಮನೆಯನ್ನು ಬಿಡಲಿಲ್ಲ, ಮಂತ್ರವನ್ನು ಮಾತ್ರ ಬಿಟ್ಟ. ಪೂರಾ ಬಿಟ್ಟನೆಂದೂ ಹೇಳುವಂತಿಲ್ಲ. ಒಮ್ಮೆ ಬ್ಯಾಟರಿ ಬದಲಿಸುವಷ್ಟರಲ್ಲಿ ಒಂದು ಮಂಗಳಾಷ್ಟಕ ತಪ್ಪಿಹೋಯಿತೆಂದು ಭಟ್ಟರನ್ನೇ ತಡೆದು, "ಎರಡನೇದ್ದು ಇನ್ನೊಮ್ಮೆ ಅನ್ರಿ, ಅಕ್ಷತಾನೂ ಇನ್ನೊಮ್ಮೆ ಬೀಳಲಿ" ಎಂದ. ಭಟ್ಟರು ಕೆಂಡವಾದರು. "ಇನ್ನೊಮ್ಮೆ ಅಂದರ ಇನ್ನೊಂದ ಲಗ್ನ ಆಗ್ತದಲ್ಲೋ ಮಾರಾಯಾ!"

ಮುಂದೆ ಕಂಪ್ಯೂಟರ್ ಬಂದು, ಎಡಿಟಿಂಗ್ ಕಲಿಯಬೇಕೆಂಬ ಹುಮ್ಮಸ್ಸಿನವರು ಅವನ ಅಂಗಡಿ ಹತ್ತತೊಡಗಿದರು. ಅವರಿಗೆಲ್ಲ ಅವನ ಉಪದೇಶ ಒಂದೇ. ಶೂಟ್ ಮಾಡುವ ಮೊದಲೇ ಕ್ಯಾಸೆಟ್ಟಿನ ಮೇಲೆ ಹೆಸರು ಬರೆ. ತುಂಬಿದ ಕೂಡಲೇ ಅದರ ಹಿಂದಿನ ಪ್ಲಾಸ್ಟಿಕ್ ಹಲ್ಲು ಮುರಿ, ಆಗ ಅದರ ಮೇಲೆ ಇನ್ನೊಂದು ಮದುವೆ ಬಂದು ಕೂರುವುದಿಲ್ಲ. ನಕಲಿನಿಂದ ನಕಲು ತೆಗೆಯಬೇಡ, ಮೂರನೆಯ ನಕಲಿನಲ್ಲಿ ಮದುಮಗಳು ಜ್ವರ ಬಂದವಳ ಹಾಗೆ ಕಾಣುತ್ತಾಳೆ. ಒಂದು ತಾಸಿನ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ತಾಸೇ ಬೇಕು, ಅಷ್ಟು ಹೊತ್ತು ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟಬೇಡ. ಸಿಡಿ ಗಿರಾಕಿಗೆ ಕೊಡುವುದಕ್ಕೆ, ನಿನಗೆ ಮೂಲ ಟೇಪೇ ಗತಿ. ಐದು ನಿಮಿಷಕ್ಕೊಮ್ಮೆ ಸೇವ್ ಒತ್ತು. ಇಷ್ಟು ಹೇಳಿ ಕೊನೆಗೆ, "ಕರೆಂಟ್ ಹೇಳಿ ಹೋಗಂಗಿಲ್ಲ. ಮನಷ್ಯಾರೂ ಅಷ್ಟಽ" ಎನ್ನುತ್ತಿದ್ದ. ಸೇವ್ ಗುಂಡಿಯಿಂದ ಸ್ಮಶಾನಕ್ಕೆ ಹೋಗುವ ದಾರಿ ಅವನಿಗೆ ಅಷ್ಟು ಹತ್ತಿರ! ಕಲಿಯಲು ಬಂದವರಲ್ಲಿ ಅರ್ಧ ಮಂದಿ ವಾರದೊಳಗೆ ಓಡಿಹೋಗುತ್ತಿದ್ದರು.

ಗಿರಾಕಿಗಳಿಗೆ ಬೇಕಾದದ್ದು ಬೇರೆ. ಮದುಮಗಳು ತಾವರೆಯೊಳಗಿಂದ ಮೇಲೇಳಬೇಕು, ಹೃದಯದ ಆಕಾರದಲ್ಲಿ ಮಾಯವಾಗಬೇಕು. ಮಾವ ಒಂದು ಮದುವೆಗೆ ಎರಡೇ ಹೂವು ಎಂದು ಪಡಿತರ ಮಾಡಿದ್ದ. ಆದರೆ ನಿಜವಾದ ಜಗಳ ಹತ್ತುತ್ತಿದ್ದದ್ದು ಆಹೇರಿಗಾಗಿ. ನಮ್ಮ ಕಡೆಯ ಮದುವೆಯಲ್ಲಿ ನೆಂಟರಿಷ್ಟರು ಸಾಲಾಗಿ ಬಂದು, ಮೈಕಿನಲ್ಲಿ ಹೆಸರು ಕೂಗಿಸಿಕೊಂಡು, ಸೀರೆಯೋ ಟವೆಲ್ಲೋ ಕೊಟ್ಟು, ಹಿರಿಯರ ಕಾಲಿಗೆರಗಿ ಹೋಗುವ ಶಾಸ್ತ್ರ ಅದು. ಅಷ್ಟು ಬೇಸರದ ದೃಶ್ಯ ಜಗತ್ತಿನಲ್ಲೇ ಇಲ್ಲ. ಮಾವ ಅದರಲ್ಲಿ ಒಂದು ಟವೆಲ್ಲನ್ನೂ ಬಿಡುತ್ತಿರಲಿಲ್ಲ! ಕ್ಯಾಸೆಟ್ಟಿನಲ್ಲಿ ಜಾಗ ಸಾಲದಿದ್ದರೆ ತಾಳಿ ಕಟ್ಟುವುದನ್ನು ಮೊಟಕು ಮಾಡುತ್ತಿದ್ದ, ಆಹೇರಿಯನ್ನಲ್ಲ. ಗಿರಾಕಿಗಳು ಬಂದು ಕೂಗಾಡಿದರೆ ಅವನ ಉತ್ತರ ಸಿದ್ಧವಿತ್ತು.

"ತಾಳಿ ಕಟ್ಯಾರಂತ ಊರಿಗೇ ಗೊತ್ತದರಿ. ನಿಮ್ಮ ಮಂದಿ ಎಲ್ಲಾರೂ ಮಾರಿ ತೋರಿಸಿ, ಹೆಸರ ಹೇಳಿಸ್ಕೊಂಡು ಹೋಗೂದು ಆಹೇರಿಯೊಳಗ ಅಷ್ಟಽ. ನಾಳಿ ಯಾರರೆ ಹೋದರಂದ್ರ ಎಲ್ಲಿ ಹುಡುಕ್ತೀರಿ?"

ಎಡಿಟ್ ಆಗುವ ಮೊದಲಿನ ಕ್ಯಾಸೆಟ್ಟುಗಳಿಗೆ ರಫ್ ಎಂದು ಹೆಸರು. ಉಳಿದವರು ಅವುಗಳನ್ನು ಅಳಿಸಿ ಮುಂದಿನ ಮದುವೆಗೆ ಬಳಸುತ್ತಿದ್ದರು. ಮಾವ ಬಸ್ಸಿಗೆ ಹಾಕಿ ಕಮಲಾಪುರಕ್ಕೆ, ಅಂದರೆ ನಮ್ಮ ಮನೆಗೆ ತಂದು ತುಂಬುತ್ತಿದ್ದ. ಅಟ್ಟ ತುಂಬಿತು, ದೇವರ ಮನೆಯ ಗೂಡು ತುಂಬಿತು, ಅಮ್ಮನ ಮಡಿಸೀರೆಯ ಟ್ರಂಕು ತುಂಬಿತು. "ನನ್ನ ತಮ್ಮ ಮಂದಿ ಲಗ್ನ ತಂದು ನನ್ನ ಮನ್ಯಾಗ ಹೂಳ್ಯಾನ" ಎಂದು ಅಮ್ಮ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಇಂಥ ಮಾವನೂ ಒಂದು ಸಲ ಆಹೇರಿಗೆ ಕತ್ತರಿ ಹಾಕಿದ. ಒಂದೇ ಸಲ.

ಆಗಿನ್ನೂ ಕಂಪ್ಯೂಟರ್ ಇರಲಿಲ್ಲ. ಕಮಲಾಪುರದ ಒಬ್ಬ ಯಜಮಾನರು ಮಗಳ ಮದುವೆಯ ಮರುವಾರ ಅಂಗಡಿಗೆ ಬಂದು, ಕ್ಯಾಸೆಟ್ಟಿನಲ್ಲಿ ತನ್ನ ತಮ್ಮ ಎಲ್ಲಿಯೂ ಕಾಣಬಾರದು ಎಂದರು. ಆ ತಮ್ಮ, ಈ ಸಂಬಂಧ ಬೇಡವೆಂದು ಬೀಗರ ಎದುರಿಗೇ ಆಡಿಬಿಟ್ಟಿದ್ದನಂತೆ. ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದರು. ಮಾವ ಎಷ್ಟು ಹೇಳಿದರೂ ಅವರು ಕೇಳಲಿಲ್ಲ, ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತರು. ಒಂದು ವಿಸಿಆರ್‌ನಲ್ಲಿ ರಫ್ ಓಡಬೇಕು, ಇನ್ನೊಂದರಲ್ಲಿ ಹೊಸ ಕ್ಯಾಸೆಟ್ಟು ತುಂಬಬೇಕು, ಬೇಡದವನು ಕಂಡಾಗ ಪಾಜ್ ಒತ್ತಬೇಕು.

"ಬಂದ ನೋಡ್ರಿ, ಬಿಳಿ ಟೊಪಗಿ! ಒತ್ತರಿ!"

ಒತ್ತಿ ಒತ್ತಿ ಮಾವನ ಹೆಬ್ಬೆರಳು ಬಾತುಕೊಂಡಿತು. ಏಕೆಂದರೆ ಆ ತಮ್ಮ ಎಲ್ಲಿರಲಿಲ್ಲ? ಚಪ್ಪರ ಕಟ್ಟಿದವನು ಅವನು, ನೀರು ಹೊತ್ತವನು ಅವನು, ಪಂಕ್ತಿಯಲ್ಲಿ ಬುಂದಿ ಬಡಿಸಿದವನೂ ಅವನೇ. ಅವನನ್ನು ತೆಗೆದ ಮೇಲೆ ಆ ಮದುವೆಯಲ್ಲಿ ಚಪ್ಪರ ತಾನೇ ಎದ್ದು ನಿಂತಿತು. ಎಲೆಯ ಮೇಲೆ ಬುಂದಿ ಎಲ್ಲಿಂದಲೋ ಬಂದು ಕೂತಿತು! ಮಧ್ಯಾಹ್ನ ಯಜಮಾನರು, "ಉಳಿದದ್ದು ನೀವಽ ತೆಗೀರಿ, ಟೊಪಗಿ ಗುರ್ತು ನಿಮಗ ಗೊತ್ತಾಗ್ಯದಲ್ಲ" ಎಂದು ಬಸ್ಸಿಗೆ ಎದ್ದುಹೋದರು. ಆಹೇರಿಯ ಭಾಗ ಬಂದದ್ದು ಆಮೇಲೆ. ಮಾವ ಬೇಸತ್ತು ಹೋಗಿದ್ದ. ಟೋಪಿ ಕಂಡಲ್ಲೆಲ್ಲ ಪಾಜ್ ಒತ್ತಿ ಮುಗಿಸಿದ.

ಅಳಿಯ ಬಂಗಾರದಂಥವನಾದ. ತಮ್ಮನ ಮಾತು ಸುಳ್ಳಾಯಿತು. ಆದರೂ ಅಣ್ಣ ಮಾತಾಡಲಿಲ್ಲ. ಒಂದೇ ಓಣಿಯಲ್ಲಿ ಹತ್ತು ವರ್ಷ ಎದುರುಬದುರಾದರೆ ಕತ್ತು ತಿರುಗಿಸಿಕೊಂಡು ಓಡಾಡಿದರು. ಒಂದು ಮಳೆಗಾಲದಲ್ಲಿ ತಮ್ಮನಿಗೆ ಕಾಮಾಲೆಯಾಯಿತು. ಇಂದು ಹೋಗೋಣ, ನಾಳೆ ಹೋಗೋಣ ಎಂದು ಅಣ್ಣ ಕಲಬುರಗಿಯ ದವಾಖಾನೆ ತಲುಪುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹೊದಿಸಿದ್ದರು.

ತಮ್ಮನ ದಿನಕರ್ಮದ ಊಟ ಮುಗಿದ ಮರುದಿನ ಯಜಮಾನರು ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದುಕೊಂಡು ಮಾವನ ಅಂಗಡಿಗೆ ಬಂದರು. ನಾನು ಅಂದು ಅಲ್ಲಿಯೇ ಇದ್ದೆ.

"ನನ್ನ ತಮ್ಮನ ಹೇಣ್ತಿ ನಮ್ಮ ಮನಿಯಾಕಿ ಮುಂದ ಅಂದ್ಳಂತ್ರಿ" ಎಂದರು. "'ನಮ್ಮವರು ಆಹೇರಿ ಹಿಡಕೊಂಡು ಭಾವನವರ ಕಾಲಿಗಿ ಬಿದ್ದಿದ್ದರು, ಅವರು ಹೊಳ್ಳಿ ಸೈತ ನೋಡಲಿಲ್ಲ' ಅಂತ. ನಂಗ ನೆನಪಿಲ್ರಿ. ದೇವರಾಣಿ ನೆನಪಿಲ್ಲ. ಅವಾ ಬಂದಿದ್ದನೋ ಇಲ್ಲೋ, ಅಷ್ಟು ಹೇಳ್ರಿ. ಕಟ್ ಮಾಡಿದವರು ನೀವಽ ಅಲ್ಲ?"

ಮಾವ ತಲೆ ತಗ್ಗಿಸಿದ. "ನಾ ಟೊಪಗಿ ನೋಡಿ ಗುಂಡಿ ಒತ್ತೀನ್ರಿ. ಅವರು ಏನ ಮಾಡಾಕತ್ತಿದ್ರು ಅಂತ ನೋಡೇ ಇಲ್ಲ."

ಆ ಮದುವೆಯ ರಫ್ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿತು. ನಾನೇ ಹುಡುಕಿ ತಂದುಕೊಟ್ಟೆ. ತೆರೆದರೆ ಸುರುಳಿಯ ತುಂಬ ಬೂಷ್ಟು, ಹಳೆಯ ಉಪ್ಪಿನಕಾಯಿಯ ಮೇಲಿನ ಹಾಗೆ. ಹಾಗೇ ಹಾಕಿದರೆ ಟೇಪು ಹರಿದು ಹೋಗುತ್ತದೆ. ಮಾವ ಬೇರೆ ಕೆಲಸವನ್ನೆಲ್ಲ ಬಿಟ್ಟು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಟೇಪಿಗೆ ತಾಗಿಸಿ, ಕೈಯಿಂದಲೇ ಸುರುಳಿ ತಿರುಗಿಸುತ್ತ ಗೇಣು ಗೇಣು ಒರೆಸಿದ. ನಾಲ್ಕು ದಿನ ಹಿಡಿಯಿತು. ಯಜಮಾನರು ನಾಲ್ಕೂ ದಿನ ಬಂದು ಬಾಗಿಲ ಹೊರಗೆ ಕೂತರು. ಚಹಾ ಕೊಟ್ಟರೆ ಆರಲಿಟ್ಟು ಮರೆಯುತ್ತಿದ್ದರು. ನನಗೆ ಆ ಮುದುಕರ ಮೇಲೆ ಸಿಟ್ಟೂ ಬರುತ್ತಿತ್ತು, ಅವರ ಕಡೆ ನೋಡಲೂ ಆಗುತ್ತಿರಲಿಲ್ಲ.

ಐದನೆಯ ದಿನ ಟೇಪು ಓಡಿತು, ಕಂಪ್ಯೂಟರಿಗೆ ಇಳಿಯತೊಡಗಿತು. ಎರಡೆರಡು ನಿಮಿಷಕ್ಕೆ ಚಿತ್ರ ಬಿಳಿ ಚುಕ್ಕೆಗಳಲ್ಲಿ ಮುಚ್ಚಿಹೋಗುತ್ತಿತ್ತು, ಮಾವ ನಿಲ್ಲಿಸಿ ವಿಸಿಆರ್‌ನೊಳಗಿನ ಟೇಪು ಓದುವ ಹೆಡ್ಡು ಒರೆಸಿ ಮತ್ತೆ ಓಡಿಸುತ್ತಿದ್ದ. ಆಹೇರಿ ಬಂತು. ಮೈಕಿನಲ್ಲಿ ಒಂದೊಂದೇ ಹೆಸರು. ಮಂದಿ ಕಾಲಿಗೆರಗುತ್ತಿದ್ದರು, ಯಜಮಾನರು ಬೀಗರ ಜೊತೆ ಹರಟುತ್ತಲೇ ಒಬ್ಬೊಬ್ಬರ ತಲೆ ಮುಟ್ಟಿ ಕಳಿಸುತ್ತಿದ್ದರು. ಆಮೇಲೆ ಯಾರ ಹೆಸರನ್ನೂ ಕೂಗದಿದ್ದರೂ ಬಿಳಿ ಟೋಪಿಯವನೊಬ್ಬ ಮುಂದೆ ಬಂದ. ಟವೆಲ್ಲು ತಟ್ಟೆಯಲ್ಲಿಟ್ಟ. ಬಗ್ಗಿ ಅಣ್ಣನ ಎರಡೂ ಪಾದ ಹಿಡಿದು ಹಾಗೇ ಉಳಿದ. ಯಜಮಾನರು ಆ ಕಡೆ ನೋಡುತ್ತಲೇ ಇರಲಿಲ್ಲ, ಬೀಗರ ಯಾವುದೋ ಮಾತಿಗೆ ನಗುತ್ತಿದ್ದರು. ನಗುತ್ತಲೇ, ಎಲ್ಲರಿಗೂ ಇಟ್ಟಂತೆ ಇವನ ತಲೆಯ ಮೇಲೂ ಬಲಗೈ ಇಟ್ಟರು.

ನನಗೆ ಅಳು ತಡೆಯಲಾಗಲಿಲ್ಲ. ಯಜಮಾನರು ಪರದೆಯ ಹತ್ತಿರ ಬಗ್ಗಿ ಕೇಳಿದರು.

"ಇಟ್ಟೀನೇನ್ರಿ?"

"ಇಟ್ಟೀರಿ."

"ನೋಡದಽ ಇಟ್ಟೀನಲ್ರಿ. ಅದು ಅವಗ ಗೊತ್ತಾಗಿತ್ತೇನು?"

ಮಾವ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿದ. ಸಾವಿನ ಮಾತನ್ನೇ ಆಡುತ್ತ ಬದುಕಿದ ಆ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅವರು ತಲಿ ಬಗ್ಗಿಸ್ಯಾರ ನೋಡ್ರಿ. ನೀವು ಯಾ ಕಡಿ ನೋಡಾಕತ್ತಿದ್ರಿ ಅಂತ ಅವರಿಗಿ ಹ್ಯಾಂಗ ಕಾಣಬೇಕು? ಅವರಿಗಿ ಗೊತ್ತಾದದ್ದು ನಿಮ್ಮ ಕೈ ಅಷ್ಟಽ."