ವೇಗದ ರ‍್ಯಾಮೂ ಭಾಮೈದನ ಲಗ್ನಪತ್ರಿಕೆಯೂ

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಟ್ಟಿದ್ದನ್ನು ರಿಪೇರಿ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಡದೇ ಇರುವುದನ್ನು ರಿಪೇರಿ ಮಾಡುವ ವಿದ್ಯೆ ಮಾತ್ರ ಎಲ್ಲರಿಗೂ ಒಲಿಯುವುದಿಲ್ಲ. ವಿಜಯನಗರದ ನಮ್ಮ ಮನೆಯಲ್ಲಿ ಈ ವಿದ್ಯೆಗೆ ಬಲಿಯಾದವುಗಳ ಪಟ್ಟಿ ಉದ್ದವಿದೆ. ಸದ್ದಿಲ್ಲದೆ ತಿರುಗುತ್ತಿದ್ದ ಫ್ಯಾನಿಗೆ ಎಣ್ಣೆ ಬಿಟ್ಟೆ, ಅಂದಿನಿಂದ ಅದು ಗೊಣಗುತ್ತಿದೆ. ಸರಿಯಾಗಿ ಮುಚ್ಚುತ್ತಿದ್ದ ಬಚ್ಚಲ ಬಾಗಿಲನ್ನು ಇನ್ನೂ ಸರಿಯಾಗಿ ಮುಚ್ಚಲೆಂದು ಚೂರು ಕೆತ್ತಿದೆ. ಈಗ ಒಳಗಿರುವವರು ಹಾಡಿಕೊಂಡೇ ಸ್ನಾನ ಮಾಡಬೇಕು. ಹಾಗೆಂದು ನಾನೇನು ಎಂಜಿನಿಯರ್ ಅಲ್ಲ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಕಡತವನ್ನು ಅವಸರಪಡಿಸಿದ ಕಳಂಕವೂ ನನ್ನ ಮೇಲಿಲ್ಲ. ಅಲ್ಲಿ ಅದುಮಿಟ್ಟ ವೇಗವೆಲ್ಲ ಮನೆಗೆ ಬಂದ ಮೇಲೆ ಹೊರಗೆ ಬರುತ್ತದೆ.

ಈ ಸಲ ಅದಕ್ಕೆ ಸಿಕ್ಕಿದ್ದು ಹೆಂಡತಿ ಶೈಲಾಳ ಕಂಪ್ಯೂಟರು. ಅವಳು ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡುಗಳನ್ನು ತಯಾರಿಸಿ ಸುಂಕದಕಟ್ಟೆಯ ಒಂದು ಪ್ರೆಸ್ಸಿಗೆ ಕೊಡುತ್ತಾಳೆ. ಆ ವಾರ ಅವಳ ಕೈಯಲ್ಲಿದ್ದದ್ದು ಸ್ವಂತ ತಮ್ಮನ ಮದುವೆಯ ಪತ್ರಿಕೆ. ಕೆಂಗೇರಿಯ ನಮ್ಮ ಮಾವನವರ ಬಳಗದಲ್ಲಿ ಲಗ್ನಪತ್ರಿಕೆಯ ಮುಹೂರ್ತ, ಛತ್ರದ ವಿಳಾಸ ಎಲ್ಲ ನೆಪಕ್ಕೆ ಮಾತ್ರ. ಜನ ಮೊದಲು ಓದುವುದು ಕೆಳಗಿನ ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಯನ್ನು. ಯಾರ ಹೆಸರು ಯಾರ ಮೇಲಿದೆ, ಯಾರನ್ನು ಯಾರ ಪಕ್ಕ ಕೂರಿಸಿದ್ದಾರೆ ಎಂದು ಬೆರಳಿಟ್ಟು ನೋಡುತ್ತಾರೆ. ಒಂದು ಹೆಸರು ಬಿಟ್ಟುಹೋದರೆ ಹತ್ತು ವರ್ಷ ಮಾತುಕತೆ ಇಲ್ಲ, ಹೋಗಿ ಬರುವುದೂ ಇಲ್ಲ. ಶೈಲಾ ನಾಲ್ಕು ದಿನ ಫೋನಿನಲ್ಲಿ ಸಂಧಾನ ನಡೆಸಿ ನಲವತ್ತಾರು ಹೆಸರುಗಳನ್ನು ಒಂದು ಕ್ರಮಕ್ಕೆ ತಂದು ಟೈಪ್ ಮಾಡಿದ್ದಳು. ಸೋಮವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕಿತ್ತು. ನಾನಂತೂ ಇಂಥ ಸಣ್ಣತನಗಳನ್ನು ಮೀರಿದವನಾದ್ದರಿಂದ ಅವಳ ಪಾಡು ನೋಡಿ ನಗುತ್ತಿದ್ದೆ.

ಅದೇ ಸಮಯಕ್ಕೆ ಕಚೇರಿಯಲ್ಲಿ, ಕೆಲಸದ ವೇಳೆಯಲ್ಲೇ, ನಾನೊಂದು ವಿಡಿಯೋ ನೋಡಿದೆ. ಕಂಪ್ಯೂಟರಿನ ರ‍್ಯಾಮ್ ಎಂಬ ನೆನಪಿನ ಪಟ್ಟಿಯ ಮೇಲೆ ಮೂರು ಸಾವಿರದ ಇನ್ನೂರು ಎಂದು ವೇಗ ಬರೆದಿದ್ದರೂ, ನಾವಾಗಿ ಹೇಳದಿದ್ದರೆ ಅದು ಎರಡು ಸಾವಿರದ ಚಿಲ್ಲರೆಯಲ್ಲೇ ಓಡುತ್ತದಂತೆ. ಬಯಾಸ್ ಎಂಬ ಒಳಕೋಣೆಗೆ ಹೋಗಿ ಒಂದು ಆಯ್ಕೆಯನ್ನು ಒತ್ತಿದರೆ ಸಾಕು, ಪೂರ್ತಿ ವೇಗ ಬರುತ್ತದಂತೆ. ನನ್ನ ಮನೆಯಲ್ಲೇ ಒಬ್ಬ ನೌಕರ ಸಂಬಳ ತೆಗೆದುಕೊಂಡು ಅರ್ಧ ಕೆಲಸ ಮಾಡುತ್ತಿದ್ದಾನೆ ಎಂದು ತಿಳಿದು ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾಕೆ ಅಷ್ಟು ಸಿಟ್ಟು ಬಂತೆಂದು ನೀವು ಕೇಳಬಾರದು.

ಶನಿವಾರ ಬೆಳಿಗ್ಗೆ ಶೈಲಾ ತರಕಾರಿಗೆ ಹೋದಾಗ ಆ ಆಯ್ಕೆಯನ್ನು ಒತ್ತಿದೆ. ಪರದೆ ಎರಡು ಸಲ ಕಪ್ಪಾಗಿ, ಮೂರನೇ ಸಲ ಬೆಳಗಿತು. ಹನ್ನೆರಡು ಸೆಕೆಂಡಿಗೆ ತೆರೆಯುತ್ತಿದ್ದ ಅವಳ ಫೈಲು ಹನ್ನೊಂದಕ್ಕೆ ತೆರೆಯಿತು. ಉಳಿತಾಯವಾದ ಆ ಒಂದು ಸೆಕೆಂಡನ್ನು ಏನು ಮಾಡುವುದೆಂದು ಯೋಚಿಸುತ್ತ ನಿಧಾನವಾಗಿ ಎರಡು ಲೋಟ ಕಾಫಿ ಕುಡಿದೆ.

ಮಧ್ಯಾಹ್ನ ಶೈಲಾ ಪತ್ರಿಕೆಯನ್ನು ಸೇವ್ ಮಾಡುತ್ತಿದ್ದಾಗ ಪರದೆ ಪೂರ್ತಿ ನೀಲಿಯಾಗಿ ಕಂಪ್ಯೂಟರು ನಿಂತುಹೋಯಿತು. ಮತ್ತೆ ಹಚ್ಚಿದರೆ ಎಲ್ಲವೂ ಇತ್ತು, ಆ ಫೈಲೊಂದು ಮಾತ್ರ ತೆರೆಯಲೊಲ್ಲದು. ಮದುವೆಯಾಗಿ ಹದಿನೆಂಟು ವರ್ಷವಾದ ಹೆಂಗಸು ‘ಏನಾಯ್ತು’ ಎಂದು ಕೇಳುವುದಿಲ್ಲ.

“ರೀ, ಏನು ಮುಟ್ಟಿದ್ರಿ ನೀವು?” ಎಂದಳು.

“ಏನೂ ಇಲ್ಲ ಕಣೇ, ಕರೆಂಟು ಏರುಪೇರಾಗಿರ್ಬೇಕು. ಕಾಪಿ ಇಲ್ವಾ?”

“ಇದೆ. ಹೆಸರೆಲ್ಲ ಸೇರಿಸೋಕೆ ಮುಂಚಿಂದು.” ಅವಳ ಕಣ್ಣಲ್ಲಿ ನೀರು ಬಂದಿತ್ತು. ನನಗೆ ಕೆಟ್ಟದೆನಿಸಿತು, ಆದರೆ ತಪ್ಪೊಪ್ಪಿಕೊಳ್ಳುವಷ್ಟಲ್ಲ.

ಮಾನವಂತರಾದವರು ಆ ಕ್ಷಣವೇ ಎಲ್ಲವನ್ನೂ ಮೊದಲಿನಂತೆ ಮಾಡಿ ಕೈಮುಗಿಯುತ್ತಿದ್ದರು. ನಾನು ಬಯಾಸಿನ ಇನ್ನೂ ಒಳಗೆ ಹೋದೆ. ಅಲ್ಲಿ ಹದಿನಾರು, ಹದಿನೆಂಟು, ಮೂವತ್ತೆಂಟು ಎಂದು ಜಾತಕದಲ್ಲಿರುವಂತೆ ಅಂಕಿಗಳ ಮನೆಗಳಿದ್ದವು. ಒಂದನ್ನು ಏರಿಸಿದೆ, ಇನ್ನೊಂದನ್ನು ಇಳಿಸಿದೆ, ವೋಲ್ಟೇಜು ಚೂರು ಕೂಡಿಸಿದೆ. ಕಂಪ್ಯೂಟರು ಏಳಲೇ ಇಲ್ಲ. ಕೊನೆಗೆ ಮಹಡಿ ಮೇಲೆ ಬಾಡಿಗೆಗಿರುವ ಗದಗಿನ ಬಸವರಾಜು ಅವರನ್ನು ಕರೆದೆ. ಅವರಿಗೆ ಕಂಪ್ಯೂಟರು ದುರಸ್ತಿಯೇ ಕಸುಬು. ಒಳಗಿನ ಗುಂಡಿಯಂಥ ಸೆಲ್ಲನ್ನು ತೆಗೆದು, ಐದು ನಿಮಿಷ ಬಿಟ್ಟು ಹಾಕಿ, ಯಂತ್ರಕ್ಕೆ ಜೀವ ಬರಿಸಿ, ರ‍್ಯಾಮ್ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದರು.

“ಸರ, ಇವೆರಡೂ ಬ್ಯಾರೆ ಬ್ಯಾರೆ ಕಂಪನೀವು ಅದಾವ್ರಿ. ಜೋಡಿ ಅಲ್ಲ ಇವು. ಒಂದು ಓಡತೈತಿ, ಇನ್ನೊಂದು ತೇಕತೈತಿ. ಮೊದಲಿನ್ಹಂಗ ಬಿಟ್ಟುಬಿಡ್ರಿ, ಚಲೋ ನಡೀತಾವ.”

ಎರಡನೇ ಪಟ್ಟಿಯನ್ನು ಹೋದ ವರ್ಷ ತಂದು ಹಾಕಿದವನು ನಾನೇ. ಎರಡರ ಮೇಲೂ ಒಂದೇ ಅಂಕಿ ಇದ್ದದ್ದು ನೋಡಿ ಕೂಟ ಸರಿಯಿದೆ ಎಂದು ಗಂಟು ಹಾಕಿದ್ದೆ. ಈಗ ಹಿಂದೆ ಸರಿಯುವುದೆಂದರೆ ಮರ್ಯಾದೆಯ ಪ್ರಶ್ನೆ. ಬಸವರಾಜು ಅತ್ತ ಹೋದ ಮೇಲೆ ವೇಗವನ್ನು ಮತ್ತೆ ಏರಿಸಿ, ತಪ್ಪು ಹುಡುಕುವ ಪರೀಕ್ಷೆಯೊಂದನ್ನು ಹಾಕಿ ಕೂತೆ. ಅದು ಗಂಟೆಗಟ್ಟಲೆ ನಡೆಯುತ್ತದೆ. ತಪ್ಪು ಸಿಕ್ಕರೆ ಕೆಂಪು ಗೆರೆ. ಗೆರೆ ಬಂದಾಗಲೆಲ್ಲ ವೇಗವನ್ನು ತುಸು ಇಳಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಕಚೇರಿಯಲ್ಲಿ ಇಷ್ಟು ಶ್ರದ್ಧೆ ತೋರಿಸಿದ್ದರೆ ಇಷ್ಟು ಹೊತ್ತಿಗೆ ಅಧೀಕ್ಷಕನಾಗಿರುತ್ತಿದ್ದೆ.

ಭಾನುವಾರ ಶೈಲಾ ನನ್ನ ದಾರಿ ಕಾಯಲಿಲ್ಲ. ಹೆಸರುಗಳನ್ನು ಗೀಚಿಕೊಂಡಿದ್ದ ಚೀಟಿ ಹಿಡಿದು ಮಹಡಿಗೆ ಹೋಗಿ, ಬಸವರಾಜು ಅವರ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿದಳು. ಮಧ್ಯಾಹ್ನ ಒಂದು ಪ್ರೂಫ್ ಪ್ರತಿ ತೆಗೆಸಿಕೊಂಡು ಬಂದು ನನ್ನ ಮುಂದೆ ಹಿಡಿದಳು.

“ನಂಗೆ ನೋಡಿ ನೋಡಿ ಕಣ್ಣು ಕತ್ತಲೆ ಬರ್ತಿದೆ. ನೀವೊಂದ್ಸಲ ಪೂರ್ತಿ ಓದಿ, ಸೈನ್ ಹಾಕಿ. ಸೈನ್ ಇಲ್ದೆ ಪ್ರೆಸ್ಸಿನವ್ರು ಮಷಿನ್‌ಗೆ ಹಾಕಲ್ಲ.”

ಪರೀಕ್ಷೆ ಆಗ ಶೇಕಡಾ ತೊಂಬತ್ತನಾಲ್ಕಕ್ಕೆ ಬಂದಿತ್ತು, ಇನ್ನೂ ಒಂದೂ ಕೆಂಪು ಗೆರೆ ಇರಲಿಲ್ಲ. ಪರದೆಯಿಂದ ಕಣ್ಣು ಕೀಳದೆ ಹಾಳೆ ಇಸಿದುಕೊಂಡು, ಏನೋ ಗೀಚಿ ವಾಪಸು ಕೊಟ್ಟೆ. ತೊಂಬತ್ತೇಳಕ್ಕೆ ಕೆಂಪು ಗೆರೆ ಬಂತು. ಸಂಜೆ, ಯಾರೂ ನೋಡದಿದ್ದಾಗ, ಎಲ್ಲವನ್ನೂ ಮೊದಲಿನಂತೆ ಬಿಟ್ಟೆ. ಮರುದಿನ ಶೈಲಾ, “ಪರ್ವಾಗಿಲ್ಲ ರೀ, ಈಗ ಫಾಸ್ಟಾಗಿದೆ,” ಎಂದಾಗ, ವಿನಯದಿಂದ ತಲೆ ತಗ್ಗಿಸಿದೆ.

ಗುರುವಾರ ಮಾವನವರು ಕೆಂಗೇರಿಯಿಂದ ಮೆಟ್ರೋ ಹತ್ತಿ ಬಂದರು. ಮೊದಲ ಪತ್ರಿಕೆ ಮನೆದೇವರಿಗೆ, ಎರಡನೆಯದು ಮಗಳು ಅಳಿಯನಿಗೆ ಎಂಬುದು ಅವರ ಮನೆಯ ಪದ್ಧತಿ. ತಟ್ಟೆಯಲ್ಲಿ ತಾಂಬೂಲದ ಜೊತೆ ಪತ್ರಿಕೆಯಿಟ್ಟು, “ಅಳಿಯಂದ್ರೇ, ನೀವೇ ಮುಂದೆ ನಿಂತು ನಡೆಸ್ಬೇಕು,” ಎಂದರು. ನಾನು ಮುಹೂರ್ತ ನೋಡಲಿಲ್ಲ, ಛತ್ರ ನೋಡಲಿಲ್ಲ. ನನ್ನ ಬೆರಳು ತಾನಾಗಿ ಕೆಳಗಿನ ಪಟ್ಟಿಗೆ ಹೋಯಿತು. ನಾಲ್ಕು ವರ್ಷದಿಂದ ಮಾತು ಬಿಟ್ಟಿರುವ ದೊಡ್ಡಪ್ಪ ಇದ್ದರು. ಅಮೆರಿಕದಲ್ಲೋ ಅಸ್ಸಾಮಿನಲ್ಲೋ ಇದ್ದಾನೆ ಎನ್ನುವ ಸೋದರಮಾವನ ಮಗನಿದ್ದ. ಶ್ರೀಮತಿ ಶೈಲಾ ಇದ್ದಳು. ಅವಳ ಪಕ್ಕದಲ್ಲಿ ನಾನಿರಲಿಲ್ಲ. ಮೇಲೆ ಕೆಳಗೆ ಎಲ್ಲೂ ಇರಲಿಲ್ಲ. ಹೇಳಲು ನಾಚಿಕೆ, ಪತ್ರಿಕೆಯನ್ನು ತಿರುಗಿಸಿ ಹಿಂಬದಿಯಲ್ಲೂ ಹುಡುಕಿದೆ.

“ಅಯ್ಯೋ!” ಎಂದು ಶೈಲಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ನಿಮ್ಮ ಹೆಸರು ಮರೆಯೋದುಂಟಾ ಅಂತ ಚೀಟೀಲಿ ಬರ್ಕೊಂಡೇ ಇರ್ಲಿಲ್ಲ ರೀ. ಮೊದಲನೇ ಸಲ ಟೈಪ್ ಮಾಡ್ದಾಗ ಹಾಕಿದ್ದೆ.”

ಎರಡನೇ ಸಲ ಯಾಕೆ ಟೈಪ್ ಮಾಡಬೇಕಾಯಿತೆಂದು ಅವಳು ಹೇಳಲಿಲ್ಲ. ಮಾವನವರು ಪ್ರೆಸ್ಸಿನವರನ್ನು ವಿಚಾರಿಸಿಕೊಳ್ಳುತ್ತೇನೆಂದು ಎದ್ದರು. ನಾನೂ ದನಿ ಏರಿಸಿ, “ಈ ಪ್ರೂಫ್ ನೋಡಿದ್ದು ಯಾರು?” ಎಂದೆ. ಶೈಲಾ ಪ್ರೆಸ್ಸಿನವರು ವಾಪಸು ಕೊಟ್ಟಿದ್ದ ಹಾಳೆ ತಂದು ಟೀಪಾಯಿಯ ಮೇಲಿಟ್ಟಳು. ಮೂಲೆಯಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ, ‘ಪರಿಶೀಲಿಸಲಾಗಿದೆ, ತಪ್ಪಿಲ್ಲ’ ಎಂದು ಬರೆದು ಕಿರುಸಹಿಯನ್ನೂ ದಿನಾಂಕವನ್ನೂ ಹಾಕಿತ್ತು.

ಮಾವನವರು ಅದನ್ನು ನೋಡಿ ಮತ್ತೆ ಕೂತರು. “ಇನ್ನೊಂದ್ಸಲ ಹೊಡೆಸೋಕೆ ಟೈಮಿಲ್ಲ. ಅಕ್ಷರ ಮಾತ್ರ ಮುತ್ತಿನಂಗಿದೆ ಅಳಿಯಂದ್ರೇ. ನೀವೇ ಬರೆದುಬಿಡಿ,” ಎಂದರು.

ಹಾಗಾಗಿ ಈಗ ಐನೂರು ಕಾರ್ಡುಗಳಲ್ಲಿ ನನ್ನ ಹೆಸರನ್ನು ನಾನೇ ಬರೆಯುತ್ತ ಕೂತಿದ್ದೇನೆ. ನಿಮಿಷಕ್ಕೆ ಮೂರು ಕಾರ್ಡು. “ಸ್ವಲ್ಪ ಬೇಗ ಬೇಗ ಬರೀರಿ,” ಎಂದು ಶೈಲಾ ಹೇಳಿ ಹೋದಳು. ನಾಲ್ಕಕ್ಕೆ ಏರಿಸಿ ನೋಡಿದೆ, ಅಕ್ಷರ ಕೆಟ್ಟಿತು. ಯಾರಿಗೂ ಹೇಳದೆ ಮತ್ತೆ ಮೂರಕ್ಕೇ ಇಳಿಸಿದ್ದೇನೆ.