ಲಗಮಣ್ಣನ ಅಳಂಬಿ ಪೆಟ್ಟಿಗೆ

ಹೆಂಡತಿ ಬೈಯುವುದಿಲ್ಲ ಎಂದು ಕೊರಗಿದ ಗಂಡ ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಲಗಮಣ್ಣ ಒಬ್ಬನೇ ಇದ್ದಿರಬೇಕು. ಉಳಿದ ಗಂಡಂದಿರು ಬೈಗುಳದ ಮಳೆಗೆ ಕೊಡೆ ಹುಡುಕುತ್ತಿದ್ದರೆ, ಈತ ಒಂದು ಹನಿಗಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದ.

ಮೊದಲು ಹಾಗಿರಲಿಲ್ಲ. ಚಪ್ಪಲಿ ಬಿಟ್ಟ ಜಾಗಕ್ಕೆ, ತಂದ ಬದನೆಕಾಯಿಗೆ, ಗೊರಕೆಯ ರಾಗಕ್ಕೆ (ಮಲಗಿದವನು ಅದನ್ನು ಹೇಗೆ ತಿದ್ದಿಕೊಳ್ಳಬೇಕೋ!) ತಾರವ್ವನ ಹತ್ತಿರ ಮಾತಿತ್ತು. ದೀಪಾವಳಿಯ ಆಸುಪಾಸಿನಲ್ಲಿ ಜ್ವರ ಬಂದು, ಇನ್ನೂ ಹಲ್ಲು ಮೂಡದ ಮಗಳು ತೀರಿಕೊಂಡಳು. ಆಮೇಲೆ ತಾರವ್ವ ಅಳಲಿಲ್ಲ, ಬೈಯಲಿಲ್ಲ. ಏನು ಕೇಳಿದರೂ ‘ಹೂಂ’. ರೊಟ್ಟಿ ಮುರಿದು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

“ಏನರ ತಿನ್ನಬೇಕು ಅನಸ್ತೈತೇನು?” ಎಂದು ಲಗಮಣ್ಣ ದಿನಾ ಕೇಳುತ್ತಿದ್ದ. ಒಂದು ದಿನ ಆಕೆ ಗೋಡೆಯ ಕಡೆ ತಿರುಗಿ, “ಅಳಂಬಿ,” ಎಂದಳು.

ಆಕೆಯ ತವರು ಚಂದಗಡದ ಕಡೆ. ಅಲ್ಲಿ ಮೊದಲ ಮಳೆಗೆ ಅಣಬೆ ಏಳುತ್ತವೆ. ಅವಕ್ಕೇ ಅಳಂಬಿ ಎನ್ನುತ್ತಾರೆ. ಆದರೆ ಈಗ ಚಳಿಗಾಲ. ಮಳೆಗೆ ಇನ್ನೂ ಎಷ್ಟೋ ದೂರ.

ಜೊತೆಗೆ ಮಗ್ಗ ನಡೆಸುವ ತಾನಾಜಿ ದಾರಿ ತೋರಿಸಿದ. “ಅರೇ, ಸೋಪ್ಪಂ ಆಹೆ, ಭಾಳ ಸರಳ! ಪೆಟಗಿಯೊಳಗ ಬೆಳಿತಾರ ಅದನ್ನ. ಕೊಲ್ಹಾಪುರದ ಪ್ರದರ್ಶನದಾಗ ನಾನ ನೋಡೇನಿ.”

ರಜೆಯ ದಿನ ಲಗಮಣ್ಣ ಕೊಲ್ಹಾಪುರಕ್ಕೆ ಹೋಗಿ ಅಣಬೆ ಬೀಜದ ಬಾಟಲಿ ತಂದ. “ಕೆಳಗ ಅದಕ್ಕ ಊಟಾ, ಮ್ಯಾಲ ಮಣ್ಣಿನ ಹೊದಿಕಿ. ಇವೆರಡು ನೆಟ್ಟಗ ಆರಿಸಿದ್ರ ಆತು,” ಎಂದು ಅಂಗಡಿಯವನು ಹೇಳಿದ್ದ. ಆ ‘ಆತು’ ಎಂಬಲ್ಲೇ ಲಗಮಣ್ಣನ ಮಹಾಯುದ್ಧ ಶುರುವಾಯಿತು.

ಪಕ್ಕದ ಮನೆಯ ಯಮುನವ್ವ ಕಬ್ಬಿನ ಸಿಪ್ಪೆ ಹಾಕು ಎಂದಳು. ಹಾಕಿದರೆ ಅದು ಸಾರಾಯಿಯ ವಾಸನೆ ಹೊಡೆದು, ತಾಲೂಕಿನ ಇರುವೆಗಳೆಲ್ಲ ಊಟಕ್ಕೆ ಬಂದವು. ತಾನಾಜಿ ಮಗ್ಗದ ಹತ್ತಿ ಚಿಂದಿ ಕೊಟ್ಟ. ಅದರಲ್ಲಿ ಹತ್ತಿಗಿಂತ ಎಣ್ಣೆಯೇ ಹೆಚ್ಚಿತ್ತು. ಜೋಳದ ಕಣಿಕೆ ಕೊಳೆಯಲು ಒಪ್ಪಲೇ ಇಲ್ಲ. ಕೊನೆಗೆ ಭತ್ತದ ಹುಲ್ಲಿಗೆ ಟಾಂಗಾ ಕುದುರೆಗಳ ಲದ್ದಿ ಬೆರೆಸಿ, ನೀರು ಹೊಡೆದು, ಹಿತ್ತಲಲ್ಲಿ ತಿರುವಿ ತಿರುವಿ ಕೊಳೆಸಿದ. (ಅಷ್ಟು ದಿನ ಓಣಿಯವರು ಬೇರೆ ದಾರಿ ಹಿಡಿದರು.) ಅದನ್ನು ಚಹಾಪುಡಿಯ ಖಾಲಿ ಮರದ ಪೆಟ್ಟಿಗೆಗೆ ತುಂಬಿ, ಬೀಜ ಕಲಸಿ, ಬಾಗಿಲಲ್ಲಿ ನಿಂತು ಕೇಳಿದ: “ಲದ್ದಿ ಒಳಗ ಇಡ್ಲೇನು?”

“ಹೂಂ,” ಎಂದಳು ತಾರವ್ವ.

ಲಗಮಣ್ಣ ಪೆಟ್ಟಿಗೆಯನ್ನು ಒಳಗೆ ತಂದಿಟ್ಟ. ಕುದುರೆ ಲದ್ದಿ ಮನೆಯೊಳಗೆ ಬಂದರೂ ‘ಹೂಂ’!

ಬೀಜ ಬಿಳಿ ನೂಲು ಬಿಟ್ಟ ಮೇಲೆ ಹೊದಿಕೆಯ ಮಣ್ಣಿನ ಸರದಿ. ಎರೆಮಣ್ಣು ನೀರು ಕುಡಿದು ಕೆಸರಾಯಿತು, ಒಣಗಿ ಹಿಮ್ಮಡಿಯಂತೆ ಬಿರಿಯಿತು. ಅದನ್ನು ಕೆರೆದು ಹಾಕಿದ ಮರಳಿನಲ್ಲಿ ನೀರೇ ನಿಲ್ಲಲಿಲ್ಲ. ಕೆಂಪು ಮಣ್ಣಿಗೆ ಹಳೆಯ ತಿಪ್ಪೆಗೊಬ್ಬರ ಬೆರೆಸಿ ಜರಡಿ ಹಿಡಿದಾಗ ಹಗುರಾಗಿ, ತೇವವಾಗಿ ಕೂತಿತು. ಹುಳ ಸಾಯಲೆಂದು ಆ ಮಣ್ಣನ್ನು ಹಬೆಯಲ್ಲಿ ಬೇಯಿಸಬೇಕಿತ್ತು. ಅದಕ್ಕೆ ಅವನು ಆರಿಸಿದ್ದು ಹೆಂಡತಿಯ ಕಡುಬಿನ ಪಾತ್ರೆ. ಆಕೆ ತಾನೇ ಒಲೆಗೆ ಕಟ್ಟಿಗೆ ತುರುಕಿದಳು.

ಹೊದಿಕೆ ಒಣಗಬಾರದೆಂದು ಹಾಸಿದ ಗೋಣಿತಟ್ಟನ್ನು ಇಲಿ ಕಡಿಯಿತು. ಮರುದಿನ ಬೆಳಗಿನ ಪಾಳಿಗೆ ಹೊರಟ ಲಗಮಣ್ಣ ಮಬ್ಬಿನಲ್ಲಿ ಗೋಡೆಯ ಮೇಲಿನ ನಾಗಂದಿಗೆ ತಡಕಿ, ಕೈಗೆ ಸಿಕ್ಕ ದಪ್ಪನೆಯ ಮೆತ್ತನೆಯ ಬಟ್ಟೆಯನ್ನು ನೀರಲ್ಲಿ ಅದ್ದಿ ಪೆಟ್ಟಿಗೆಗೆ ಹೊಚ್ಚಿ ಹೋದ.

ಮಧ್ಯಾಹ್ನ ಮನೆಗೆ ಬಂದಾಗ ತಾರವ್ವ ಆ ಬಟ್ಟೆ ಹಿಡಿದು ನಿಂತಿದ್ದಳು. ತನ್ನ ಹಳೆಯ ಸೀರೆ ತುಂಡುಗಳಿಂದ ಮಗಳಿಗೆ ಹೊಲಿದ ಪುಟ್ಟ ಕೌದಿ.

“ಊರಾಗ ಹರಕ ಅರಬಿ ಸಿಗಲಿಲ್ಲೇನು ನಿಮಗ? ನನ್ನ ಕೂಸಿನ ಕೌದಿ ಲದ್ದಿಗೆ ಹೊಚ್ಚೀರಿ! ಕಣ್ಣ ಮಗ್ಗದಾಗ ಬಿಟ್ಟ ಬಂದೀರೇನು? ಕಡಬಿನ ಪಾತ್ರ್ಯಾಗ ಮಣ್ಣ ಬೇಯಿಸಿದ್ರಿ, ಸುಮ್ಮಿದ್ದೆ. ಮನಿ ಹೋಗಿ ಕುದರಿ ಲಾಯ ಆತು, ಸುಮ್ಮಿದ್ದೆ. ಇದಕ್ಕೂ ಕೈ ಹಚ್ಚಿದ್ರಿ?”

ಗದ್ದಲಕ್ಕೆ ಯಮುನವ್ವ ಓಡಿ ಬಂದಳು. “ಏನಾತೋ ತಮ್ಮಾ?”

“ಬೈಯಾಕತ್ತಾಳ್ರಿ ಅವ್ವಾರ,” ಎಂದ ಲಗಮಣ್ಣ. ಕಣ್ಣಿನಿಂದ ನೀರು ಧಾರೆ. “ನಮ್ಮಾಕಿ ಬೈಯಾಕತ್ತಾಳ!”

ಯಮುನವ್ವ ಇಬ್ಬರನ್ನೂ ನೋಡಿದಳು. ಬಾಗಿಲು ಎಳೆದುಕೊಂಡು ಹೋದಳು.

ತಾರವ್ವ ಕೌದಿಯನ್ನು ಮುಖಕ್ಕೆ ಒತ್ತಿಕೊಂಡಳು, ತೆಗೆದಳು, ಮತ್ತೆ ಒತ್ತಿಕೊಂಡಳು.

“ಅಕಿ ವಾಸನಿ ಇತ್ತು ಇದ್ರಾಗ,” ಎಂದಳು. “ಹೋತು.”

ಅಲ್ಲೇ ಕುಸಿದು ಕೂತು ಅಳತೊಡಗಿದಳು.

“ತಪ್ಪಾತ ತಾರವ್ವಾ. ನೀ ಅಳಂಬಿ ಬೇಕಂದಿದ್ದಿ, ಅದಕ್ಕ...”

“ಚಳಿಗಾಲದಾಗ ಸಿಗೂದಿಲ್ಲಂತನ ಅಳಂಬಿ ಅಂದಿದ್ದೆ. ಸಿಗಲಾರದ್ದು ಹೇಳಿದ್ರ ದಿನಾ ಕೇಳೂದು ಬಿಡ್ತೀರಿ ಅಂತ.”

ಲಗಮಣ್ಣ ಪೆಟ್ಟಿಗೆಯ ಕಡೆ ನೋಡಿದ. ಇಷ್ಟು ಆರೈಕೆಯ ಮಣ್ಣಿನಲ್ಲಿ ಸಾಸಿವೆಯಷ್ಟು ಅಣಬೆಯೂ ತಲೆ ಎತ್ತಿರಲಿಲ್ಲ.

“ಹಂಗಾರ ಇದನ್ನೇನ ಮಾಡ್ಲಿ?”

“ತಲಿ ಮ್ಯಾಲ ಹೊತಗೊಂಡ ಕುಣೀರಿ!”

ಅವನು ಕುಣಿಯಲಿಲ್ಲ, ಹೊತ್ತದ್ದು ಮಾತ್ರ ನಿಜ. ಹಿತ್ತಲಿಗೆ ಹೋಗುವಾಗ ಕಂದು ನೀರು ಕಿವಿಯ ಹಿಂದಿನಿಂದ ಅಂಗಿಯೊಳಗೆ ಇಳಿಯಿತು. ಪೆಟ್ಟಿಗೆ ಇಳಿಸಿ, ಕೈಕಾಲು ತೊಳೆದು ಬಂದು ಆಕೆಯ ಪಕ್ಕ ಕೂತ.

“ದೂರ ಕೂಡ್ರಿ. ನಾರಾಕತ್ತೀರಿ,” ಎಂದಳು ತಾರವ್ವ ಬಿಕ್ಕುತ್ತಲೇ. ತಾನು ಹಿಡಿದುಕೊಂಡಿದ್ದ ಅವನ ತೋಳನ್ನು ಮಾತ್ರ ಬಿಡಲಿಲ್ಲ.