ಭಾವಮೈದುನನ ಕಿಲ್ಟೂ ಬ್ರೇಕಿಂಗ್ ನ್ಯೂಸೂ

ನನ್ನ ಭಾವಮೈದುನನಿಂದಾಗಿ ಭಾರತೀಯ ಸಂಸ್ಕೃತಿ ಈವರೆಗೆ ಎರಡು ಸಲ ಅಪಾಯಕ್ಕೆ ಸಿಲುಕಿದೆ. ಇದು ನನ್ನ ಅಭಿಪ್ರಾಯವಲ್ಲ, ಸುದ್ದಿವಾಹಿನಿಗಳ ತೀರ್ಮಾನ. ಸಾಗರ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡು, ಸಂಜೆ ಬನ್ಸ್ ತಿಂದು ಟೀ ಕುಡಿದು, ಯಾರ ತಂಟೆಗೂ ಹೋಗದ ಐವತ್ತು ದಾಟಿದ ಮನುಷ್ಯ ಸಾವಿರಾರು ವರ್ಷಗಳ ಸಂಸ್ಕೃತಿಯನ್ನು ಅಲುಗಾಡಿಸಬಲ್ಲನೆಂದು ಅವನ ಅಕ್ಕನನ್ನು ಮದುವೆಯಾಗುವಾಗ ನನಗೆ ಯಾರೂ ಹೇಳಿರಲಿಲ್ಲ! ಹೇಳಿದ್ದರೆ ಅವನೊಡನೆ ಇನ್ನಷ್ಟು ಭಯಭಕ್ತಿಯಿಂದ ನಡೆದುಕೊಳ್ಳುತ್ತಿದ್ದೆ.

ಅವನ ಅಪರಾಧವಿಷ್ಟೇ: ಅವನು ಕಿಲ್ಟ್ ತೊಡುತ್ತಾನೆ. ಸೊಂಟದಿಂದ ಮಂಡಿಯವರೆಗೆ ಬರುವ ದಪ್ಪ ಬಟ್ಟೆ, ಮುಂದೆ ಸಪಾಟು, ಹಿಂದೆ ನೆರಿಗೆ, ಎರಡೂ ಪಕ್ಕದಲ್ಲಿ ಚೀಲದಂಥ ಜೇಬು, ಮೇಲೊಂದು ಬೆಲ್ಟು. ಬಾವಿಗಿಳಿದು ಎರಡೂ ಕೈಯಲ್ಲಿ ಮೋಟಾರು ಹಿಡಿದಾಗಲೇ ಲುಂಗಿಗೆ ಬಿಚ್ಚಿಕೊಳ್ಳುವ ಬುದ್ಧಿ ಬರುತ್ತದಂತೆ. ಪ್ಯಾಂಟು ಒದ್ದೆಯಾದರೆ ಸಂಜೆಯವರೆಗೂ ಒಣಗುವುದಿಲ್ಲವಂತೆ. ಯಾವುದೋ ದೇಶದ ಬಡಗಿಯೊಬ್ಬ ಕಿಲ್ಟ್ ತೊಟ್ಟು ಮರ ಕೊಯ್ಯುವುದನ್ನು ಮೊಬೈಲಿನಲ್ಲಿ ನೋಡಿದವನೇ ದರ್ಜಿಯಂಗಡಿಗೆ ನಡೆದ. ನಾನೂ ಜೊತೆಗಿದ್ದೆ.

ಚಿತ್ರ ನೋಡಿ ದರ್ಜಿ ಕನ್ನಡಕ ಸರಿಪಡಿಸಿಕೊಂಡ. "ಇದು ಕಾನ್ವೆಂಟ್ ಹುಡುಗೀರ ಯೂನಿಫಾರ್ಮ್ ಅಲ್ಲನಾ?"

"ಹುಡುಗೀರು ಜೇಬಲ್ಲಿ ಪೈಪ್ ರೆಂಚ್ ಇಟ್ಕತ್ತಾರಾ ಮಾರಾಯ?"

"ಇಲ್ಲಪ್ಪ."

"ಹಂಗಾರೆ ಸುಮ್ನೆ ಹೊಲಿ."

ಲೋಕಕ್ಕೆ ಹೆದರದ ಈ ಧೀರ ಒಬ್ಬರಿಗೆ ಮಾತ್ರ ಹೆದರುತ್ತಿದ್ದ. ಅವನ ತಾಯಿ, ಅಂದರೆ ನನ್ನ ಅತ್ತೆ, ಹೊಸನಗರದಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾರೆ. ಅವರನ್ನು ನೋಡಲು ಹೋದಾಗಲೆಲ್ಲ ಇವನು ಬಸ್‌ಸ್ಟ್ಯಾಂಡಿನ ಶೌಚಾಲಯದೊಳಗೆ ಕಿಲ್ಟಿನಲ್ಲಿ ಹೊಕ್ಕು, ಪಾದ ಮುಚ್ಚುವ ಪಂಚೆಯಲ್ಲಿ ಹೊರಬರುತ್ತಿದ್ದ. "ಭಾವ, ಊರೆಲ್ಲ ನಗಾಡ್ಲಿ, ನಂಗೇನಿಲ್ಲ. ನನ್ ದೆಸೆಯಿಂದ ಅಮ್ಮ ನಾಕು ಜನರ ಎದ್ರು ತಲೆ ತಗ್ಗಿಸ್ಬಾರ್ದು, ಅಷ್ಟೇ" ಎನ್ನುತ್ತಿದ್ದ. ಆ ಅಷ್ಟನ್ನು ಕಾಪಾಡಿಕೊಳ್ಳಲು ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

ಮಾಧ್ಯಮಗಳಿಗೆ ಬೀಗವೆಲ್ಲಿ? ಮೊದಲು ಎರಗಿದ್ದು ಮೊಬೈಲಿನಲ್ಲೇ ಹುಟ್ಟಿ ಮೊಬೈಲಿನಲ್ಲೇ ಬೆಳೆದ ಒಂದು ಸ್ಥಳೀಯ ಚಾನೆಲ್. "ಸಾಗರದಲ್ಲಿ ಹಾಡಹಗಲೇ ಸ್ಕರ್ಟ್ ತೊಟ್ಟು ಓಡಾಡಿದ ಪುರುಷ! ಬೆಚ್ಚಿಬಿದ್ದ ಸಾರ್ವಜನಿಕರು!" ಹಾಡಹಗಲೇ ಎಂದರೇನು? ಕತ್ತಲಲ್ಲಿ ತೊಟ್ಟಿದ್ದರೆ ಅಡ್ಡಿಯಿರಲಿಲ್ಲವೆ? ಬೆಚ್ಚಿಬಿದ್ದ ಸಾರ್ವಜನಿಕರಿಗಾಗಿ ಆ ವಿಡಿಯೋವನ್ನು ನಾನು ನಿಲ್ಲಿಸಿ ನಿಲ್ಲಿಸಿ ಹುಡುಕಿದೆ. ಒಬ್ಬ ಮೀನು ಮಾರುತ್ತಿದ್ದ, ಇನ್ನೊಬ್ಬ ಆರಿಸುತ್ತಿದ್ದ. ಬೆಚ್ಚಿದ್ದು ಒಂದು ಬೆಕ್ಕು ಮಾತ್ರ. ಅದೂ ಮೀನಿನವನು ಗದರಿದ್ದಕ್ಕೆ.

ಚಾನೆಲಿನ ಸಂಪಾದಕನಿಗೆ ಫೋನು ಮಾಡಿ, ಅದು ಸ್ಕರ್ಟ್ ಅಲ್ಲ, ಕಿಲ್ಟ್ ಎಂದು ತಿಳಿಸಿದೆ.

"ಕಿಲ್ಟ್ ಅಂದ್ರೆ ಯಾರೂ ವಿಡಿಯೋ ಒತ್ತಲ್ಲ ಸಾರ್. ಸ್ಕರ್ಟ್ ಅಂದ್ರೆ ಒತ್ತುತಾರೆ."

"ಸತ್ಯ ಎನ್ನುವುದೊಂದು ಇದೆಯಲ್ಲಪ್ಪ?"

"ಅದನ್ನ ಕೊನೇಲಿ ಹಾಕಿದೀವಿ ಅಜ್ಜ, ಪೂರ್ತಿ ನೋಡಿ."

ಪೂರ್ತಿ ನೋಡಿದೆ. ಕೊನೆಯಲ್ಲಿದ್ದದ್ದು ಗೊಬ್ಬರದ ಜಾಹೀರಾತು. ಆತ ನನ್ನನ್ನು ಅಜ್ಜ ಎಂದದ್ದನ್ನೂ ನಾನು ಮರೆತಿಲ್ಲ.

ಬೈದವರದು ಒಂದು ತೂಕವಾದರೆ ಹೊಗಳಿದವರದು ಇನ್ನೊಂದು. ರಾಜಧಾನಿಯ ಜಾಲತಾಣವೊಂದರ ವರದಿಗಾರ್ತಿ ಫೋನಿನಲ್ಲೇ ಸಂದರ್ಶನ ಮಾಡಿ ಇವನನ್ನು "ಗಂಡಸುತನದ ಬೇಲಿ ಮುರಿದ ಮಲೆನಾಡಿನ ಬಂಡಾಯಗಾರ"ನನ್ನಾಗಿಸಿದಳು. ಇವನು ಅವಳಿಗೆ ಹೇಳಿದ್ದು, "ಗಾಳಿ ಚೆನ್ನಾಗಿ ಆಡ್ತದೆ ಮೇಡಂ." ಅಚ್ಚಾದದ್ದು: "ಬದಲಾವಣೆಯ ಗಾಳಿ ಬೀಸುತ್ತಿದೆ ಎಂದು ಅವರು ಮಾರ್ಮಿಕವಾಗಿ ನುಡಿದರು." ಬೈದವರಾಗಲಿ ಹೊಗಳಿದವರಾಗಲಿ, ನಿಮ್ಮ ಕೆಲಸವೇನು ಎಂದು ಕೇಳಲಿಲ್ಲ. ಬೇಲಿಯ ವಿಷಯ ಓದಿದ ಇವನೋ, ಯಾರ ಬೇಲಿ ಮುರಿಯಿತೆಂದು ಅಕ್ಕಪಕ್ಕದವರನ್ನು ವಿಚಾರಿಸಿ ಬಂದ!

ಎರಡನೆಯ ಅಪಾಯ ತೀರ್ಥಹಳ್ಳಿಯಲ್ಲಿ ಒದಗಿತು. ಹತ್ತಿರದ ಅರಳಸುರಳಿಯಲ್ಲಿ ಯಾರದೋ ಪಂಪು ಎತ್ತಿ ಕೂರಿಸಿದವನು ಕೆಲಸದ ಉಡುಪಿನಲ್ಲೇ ಬಂಧುಗಳ ಗೃಹಪ್ರವೇಶಕ್ಕೆ ಬಂದ. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ? ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿಕೊಂಡವರು, ಹಿರಿಯರು ಎದುರಾದರೆ ಅದನ್ನು ಇಳಿಬಿಟ್ಟು ನಿಲ್ಲಬೇಕು; ಗೌರವವೆಲ್ಲ ಆ ಇಳಿಬಿಡುವುದರಲ್ಲೇ ಇದೆ. ಕುಟುಂಬದ ಹಿರಿತಲೆ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಸಾಲಿನಲ್ಲಿದ್ದವರ ಪಂಚೆಗಳು ಪರದೆಯಂತೆ ಸರ್ರನೆ ಇಳಿದವು. ಇವನೂ ಎದ್ದ, ಹುಟ್ಟಿದಾರಭ್ಯದ ಅಭ್ಯಾಸ, ಕೈ ತಾನಾಗಿ ಕೆಳಗೆ ಹೋಯಿತು. ಇಳಿಸುವುದಕ್ಕೆ ಏನಿದೆ? ಕಿಲ್ಟಿನ ಅಂಚು ಹಿಡಿದು ಎಳೆದ. ಇಳಿಯಲಿಲ್ಲ. ಮತ್ತೆ ಎಳೆದ. ಯಾರದೋ ಮೊಬೈಲು ಇದನ್ನೆಲ್ಲ ನುಂಗಿತು.

ಮರುದಿನ ರಾಜ್ಯಮಟ್ಟದ ವಾಹಿನಿಯಲ್ಲಿ, "ಹಿರಿಯರ ಮುಂದೆಯೇ ಸ್ಕರ್ಟ್ ಎಳೆದಾಡಿದ ಭೂಪ!" ಗೌರವ ತೋರಿಸಲು ಆ ಅಂಗಳದಲ್ಲಿ ಇವನಷ್ಟು ಹೆಣಗಿದವರು ಬೇರೆ ಯಾರೂ ಇರಲಿಲ್ಲ, ಆದರೆ ಅದು ಅಸಭ್ಯ ವರ್ತನೆಯಾಯಿತು. ಅದೇ ದೃಶ್ಯ ನಿಧಾನಗತಿಯಲ್ಲಿ, ಮಂಡಿಯ ಸುತ್ತ ಕೆಂಪು ವೃತ್ತ, ಅದಕ್ಕೊಂದು ಬಾಣ, ಹಿನ್ನೆಲೆಯಲ್ಲಿ ಭೂತದ ಸಿನಿಮಾದ ಸಂಗೀತ. ಚರ್ಚೆಗೆ ಒಬ್ಬ ಜ್ಯೋತಿಷಿ, ಒಬ್ಬ ಮನಶ್ಶಾಸ್ತ್ರಜ್ಞ. ಮಂಡಿ ತೋರಿಸುವುದಕ್ಕೂ ಶುಕ್ರನಿಗೂ ಇರುವ ನಂಟನ್ನು ಜ್ಯೋತಿಷಿ ವಿವರಿಸಿದ. ಕೋಟು ಟೈ ತೊಟ್ಟ ನಿರೂಪಕ, "ಎತ್ತ ಸಾಗುತ್ತಿದೆ ಸಮಾಜ?" ಎಂದು ಮೇಜು ಗುದ್ದಿದ. ಆ ಮೇಜಿನ ಕೆಳಗೆ ಅವನೇನು ತೊಟ್ಟಿದ್ದನೆಂದು ಮಾತ್ರ ಸಮಾಜಕ್ಕೆ ತೋರಿಸಲಿಲ್ಲ!

ಆ ಸಂಜೆಯೇ ಹೊಸನಗರದಿಂದ ಫೋನು ಬಂತು. ಅತ್ತೆ ಟೀವಿ ನೋಡಿದ್ದರು. ಮಗ ನಾಳೆಯೇ ಬರಬೇಕು. ಅದನ್ನೇ ಉಟ್ಟುಕೊಂಡು ಬರಬೇಕು.

ಬಸ್ಸಿನಲ್ಲಿ ಅವನು ಕಿಲ್ಟಿನ ಅಂಚನ್ನು ಮಂಡಿಯ ಮೇಲೆ ಎಳೆದೆಳೆದು ಕೂರಿಸುತ್ತಿದ್ದ. ನಾನು ಅವನ ಪರವಾಗಿ ಒಂದು ಭಾಷಣವನ್ನೇ ಕಟ್ಟಿಕೊಂಡಿದ್ದೆ: ವಾಹಿನಿಗಳ ತಪ್ಪುಗಳು, ಒಂದೊಂದಾಗಿ, ಕ್ರಮವಾಗಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಶೌಚಾಲಯದ ಕಡೆ ಒಮ್ಮೆ ನೋಡಿ ಮುಂದೆ ನಡೆದ.

ಅತ್ತೆ ಕಿಟಕಿಯ ಬಳಿ ಮಂಚದ ಮೇಲೆ ಕುಳಿತಿದ್ದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, "ಇಲ್ಲಿ ಬೆಳಕಿಗೆ ಬಾರ" ಎಂದು ಮಗನನ್ನು ಕರೆದು, ಬಾಗಿ, ಅವನ ಬಲಮಂಡಿಯ ಮೇಲೆ ಅಂಗೈ ಇಟ್ಟರು.

"ನೋಡು, ಎಷ್ಟು ಬಾತಿದೆ. ಆ ಟೀವಿಯವ್ರು ಕೆಂಪಗೆ ಗೆರೆ ಎಳ್ದು ಎಳ್ದು ತೋರಿಸ್ತಿದ್ರು. ಎಷ್ಟು ದಿನ ಆತು ಇದು?"

"ಬಾವಿ ಹತ್ತಿ ಇಳ್ದು... ಹೋದ ಮಳೆಗಾಲದಿಂದ ಅಮ್ಮ."

"ಬಂದಾಗೆಲ್ಲ ಪಾದದವರೆಗೆ ಪಂಚೆ ಬಿಟ್ಕಂಡು ಕೂತ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?"

ಹಿರಿಯ ಸೊಸೆ ಬಿಸಿ ಮಾಡಿದ ಎಣ್ಣೆ ತಂದಿಟ್ಟಳು. ಅವನು ನೆಲದ ಮೇಲೆ ಕಾಲು ಚಾಚಿ ಕುಳಿತ. ಅತ್ತೆ ಮಂಚದಿಂದಿಳಿದು ಪಕ್ಕದಲ್ಲಿ ಕುಳಿತರು. "ಅದನ್ನ ಚೂರು ಮೇಲೆ ತಗ. ಒಳ್ಳೆ ಬಟ್ಟೆ, ಎಣ್ಣೆ ಆದ್ರೆ ಹೋಗಲ್ಲ" ಎಂದು ತಿಕ್ಕತೊಡಗಿದರು.

ಅವನ ತಲೆ ಬಗ್ಗಿತ್ತು. ಕಣ್ಣೊರೆಸಿಕೊಳ್ಳಲು ಕಿಲ್ಟಿನ ಜೇಬಿನಿಂದ ಗ್ರೀಸು ಹಿಡಿದ ಬಟ್ಟೆಯ ಚೂರೊಂದನ್ನು ಹೊರತೆಗೆದ. ಅತ್ತೆ ಅದನ್ನು ಕಿತ್ತು ಬದಿಗೆಸೆದು, "ಆ ಕೊಳಕಲ್ಲಿ ಬ್ಯಾಡ, ಕಣ್ಣು ಉರೀತದೆ" ಎಂದು, ಎಣ್ಣೆ ಹತ್ತದ ಕೈಯಿಂದ ತಮ್ಮ ಸೆರಗಿನ ತುದಿಯನ್ನು ಮಗನ ಮುಂದೆ ಹಿಡಿದರು.